ತುಕ್ಕಿನ ಕೋಟೆಯಲ್ಲಿ ಬಿಳಿ ಪಂಚೆ

"ಕೋಟೆ ಸರಿ. ಸಮುದ್ರ ಎಲ್ಲಿ?"

ಸುಬ್ಬು ಈ ಪ್ರಶ್ನೆಯನ್ನು ಬೆಳಿಗ್ಗೆ ಮಿರ್ಜಾನ್ ಕೋಟೆಯ ಬಾಗಿಲಲ್ಲಿ ಕೇಳಿದ್ದ. ಬುರುಜು ಹತ್ತಿ ಕೇಳಿದ್ದ. ಸಂಜೆ ಕುಮಟಾದಲ್ಲಿ ಗಣಪಣ್ಣನ ಮನೆ ಜಗಲಿಯ ಮೇಲೆ ಹಲಸಿನ ಹಪ್ಪಳ ಮುರಿಯುತ್ತಾ ಮತ್ತೆ ಕೇಳಿದ. ಹೊರಗೆ ಮಳೆ ಯಾರ ಮಾತೂ ಕೇಳಿಸದಷ್ಟು ಜೋರಾಗಿತ್ತು. ಸುಬ್ಬುವಿನ ಮಾತು ಮಾತ್ರ ಕೇಳಿಸಿತು. ಅವನ ಗಂಟಲೇ ಹಾಗೆ.

"ಕರಾವಳಿ ಕೋಟೆ ಅಂತ ಕರೆದುಕೊಂಡು ಬಂದಿರಿ. ಅಲೆ ಬಂದು ಗೋಡೆಗೆ ಬಡಿಯುತ್ತೆ, ನಾನು ಮೇಲೆ ನಿಂತಿರ್ತೀನಿ, ಪಂಚೆ ಗಾಳಿಗೆ ಹಾರುತ್ತೆ ಅಂತ ಎಲ್ಲ ಲೆಕ್ಕ ಹಾಕಿಟ್ಟಿದ್ದೆ. ಇಲ್ಲಿ ನೋಡಿದರೆ ಸುತ್ತ ಗದ್ದೆ, ತೆಂಗಿನಮರ. ಅರ್ಧ ಕಿಲೋಮೀಟರಿಗೆ ಹೆದ್ದಾರಿ."

"ಪಂಚೆ ಹಾರದೇ ಇದ್ದದ್ದೇ ಒಳ್ಳೆಯದಾಯಿತು," ಅಂದಳು ರಾಜಿ.

ನಮ್ಮ ಗುಂಪಿನ ಬಗ್ಗೆ ಒಂದು ಮಾತು ಹೇಳಿಬಿಡುತ್ತೇನೆ. ನಾವೆಲ್ಲ ತುಮಕೂರು ಕಡೆಯವರು. ರಾಜಿ ಸಿವಿಲ್ ಇಂಜಿನಿಯರ್. ಯಾವ ಊರಿಗೆ ಹೋದರೂ ಗೋಡೆ ತಟ್ಟಿ ನೋಡುತ್ತಾಳೆ. ಮೂರ್ತಿ ಮೇಷ್ಟ್ರು ಇತಿಹಾಸ ಪಾಠ ಮಾಡಿ ನಿವೃತ್ತರಾದವರು, ಪಾಠ ಮಾತ್ರ ಇನ್ನೂ ನಿವೃತ್ತಿಯಾಗಿಲ್ಲ. ಸುಬ್ಬು ರೀಲ್ಸ್ ಮಾಡುತ್ತಾನೆ, ಬಿಡುವಾದಾಗ ಆಫೀಸಿಗೂ ಹೋಗುತ್ತಾನೆ. ನನ್ನ ಕೆಲಸ ಖರ್ಚು ಬರೆದಿಡುವುದು, ಜಗಳ ಬಿಡಿಸುವುದು. ಗಣಪಣ್ಣ ಕುಮಟಾದವನು. ಮಳೆಗಾಲದಲ್ಲಿ ಬನ್ನಿ ಅಂತ ಕರೆದವನೂ ಅವನೇ. ಮಳೆ ಇಷ್ಟಿರುತ್ತದೆ ಅಂತ ಹೇಳದೇ ಇದ್ದವನೂ ಅವನೇ.

"ಸಮುದ್ರ ಎಲ್ಲೂ ಓಡಿಹೋಗಿಲ್ಲ ಮಾರಾಯ," ಅಂದ ಗಣಪಣ್ಣ. "ಅಘನಾಶಿನಿ ಹೊಳೆ ತದಡಿ ಹತ್ತಿರ ಸಮುದ್ರ ಸೇರುತ್ತದೆ. ಅಲ್ಲಿಂದ ಹೊಳೆಗುಂಟ ಒಳಗೆ ಬಂದರೆ ಮಿರ್ಜಾನ್. ಉಬ್ಬರ ಬಂದಾಗ ಉಪ್ಪುನೀರು ಸುಮಾರು ದೂರ ಒಳಗೆ ನುಗ್ಗುತ್ತದೆ. ನಮ್ಮಲ್ಲಿ ಕಗ್ಗ ಅಂತ ಒಂದು ಭತ್ತ ಇದೆ. ಉಪ್ಪುನೀರು ಗದ್ದೆಗೆ ಬಂದರೂ ಸಾಯುವುದಿಲ್ಲ. ಅಣೆಕಟ್ಟೇ ಇಲ್ಲದ ಹೊಳೆ ಇದು. 2024ರಲ್ಲಿ ಇದರ ಅಳಿವೆಗೆ ರಾಮ್ಸಾರ್ ಪಟ್ಟಿಯಲ್ಲಿ, ಅಂದರೆ ಜಗತ್ತಿನ ಮುಖ್ಯ ಜೌಗುಭೂಮಿಗಳ ಪಟ್ಟಿಯಲ್ಲಿ, ಜಾಗ ಸಿಕ್ಕಿತು, ಗೊತ್ತುಂಟಾ?"

"ಅದೆಲ್ಲ ಸರಿ. ಕೋಟೆಗೆ ಬೀಚಲ್ಲಿ ಜಾಗ ಸಿಗಲಿಲ್ವಾ?"

ಮೇಷ್ಟ್ರು ಇಂಥ ಪ್ರಶ್ನೆಗೇ ಕಾಯುತ್ತಿದ್ದರು. ಕಷಾಯದ ಲೋಟ ಪಕ್ಕಕ್ಕಿಟ್ಟರು. ಲೋಟ ಪಕ್ಕಕ್ಕೆ ಹೋಯಿತು ಅಂದರೆ ಒಂದು ಪೀರಿಯಡ್ ಅಂತ ನಮಗೆಲ್ಲ ಗೊತ್ತು.

"ಅಯ್ಯಾ, ಆಗ ಸಮುದ್ರ ನೋಡೋದಕ್ಕೆ ಯಾರೂ ಬರುತ್ತಿರಲಿಲ್ಲ. ಸಮುದ್ರದಿಂದ ಯಾರು ಬರುತ್ತಾರೆ ಅಂತ ನೋಡೋದಕ್ಕೆ ಕೋಟೆ. ದಂಡೆಯ ಮೇಲೆ ಕಟ್ಟಿದರೆ ಬಂದವರ ತೋಪಿಗೆ ನೇರ ಎದೆಯೊಡ್ಡಿ ನಿಂತ ಹಾಗಾಗುತ್ತೆ. ಮೇಲಾಗಿ ಮಳೆಗಾಲದಲ್ಲಿ ಹಾಯಿಹಡಗು ಈ ಸಮುದ್ರಕ್ಕೆ ಇಳಿಯುವ ಹಾಗಿಲ್ಲ. ಹೊಳೆಯ ಒಳಗೇ ಅದಕ್ಕೆ ಆಸರೆ. ಘಟ್ಟದ ಮೆಣಸು ಕೆಳಗಿಳಿದು ಬರುತ್ತಿದ್ದುದೂ ಈ ಕಡೆಯ ಹೊಳೆ ದಾರಿಯಲ್ಲೇ. ವ್ಯಾಪಾರ ಎಲ್ಲಿದೆಯೋ ಕಾವಲು ಅಲ್ಲಿ."

ಮೆಣಸು ಅಂದ ಕೂಡಲೇ ರಾಜಿ ನಗಲು ಶುರು ಮಾಡಿದಳು. ಬೆಳಿಗ್ಗೆ ನಡೆದದ್ದು ಅವಳಿಗೆ ನೆನಪಾಗಿತ್ತು.

ಆಗಿದ್ದು ಇಷ್ಟು. ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಮೆಣಸಿನ ರಾಣಿ ಅಂತ ಕರೆಯುತ್ತಿದ್ದರು ಎಂದು ಸುಬ್ಬು ಎಲ್ಲೋ ಓದಿದ್ದ. ಓದಿದ್ದಷ್ಟೇ ಸಾಕಾಯಿತು ಅವನಿಗೆ. ಬ್ಯಾಗಿನಲ್ಲಿ ಒಂದು ಕಂತೆ ಕೆಂಪು ಒಣಮೆಣಸಿನಕಾಯಿ ತಂದಿದ್ದ. ಬಿಳಿ ಪಂಚೆ, ಬಿಳಿ ಶಲ್ಯ, ಕೈಯಲ್ಲಿ ಮೆಣಸಿನಕಾಯಿ ಹಿಡಿದು ಕೋಟೆಯ ಬಾಗಿಲಲ್ಲಿ ನಿಂತು "ಇದು ನಮ್ಮ ರಾಣಿಯ ಹೆಮ್ಮೆ" ಅಂತ ಕ್ಯಾಮೆರಾಗೆ ಹೇಳುತ್ತಿದ್ದ. ಮೇಷ್ಟ್ರು ಹಿಂದಿನಿಂದ ಬಂದು ನಿಧಾನವಾಗಿ ಹೇಳಿದರು.

"ಅವಳು ಮಾರಿದ್ದು ಕಾಳುಮೆಣಸು ಕಣಯ್ಯ. ನೀನು ಹಿಡಿದಿರೋ ಮೆಣಸಿನಕಾಯಿ ನಮ್ಮ ದೇಶಕ್ಕೆ ತಂದವರೇ ಪೋರ್ಚುಗೀಸರು. ರಾಣಿಯ ಕೋಟೆಯಲ್ಲಿ ನಿಂತು ಶತ್ರುವಿನ ಸರಕಿಗೆ ಜಾಹೀರಾತು ಕೊಡ್ತಾ ಇದ್ದೀಯ."

ಆ ಮೆಣಸಿನಕಾಯಿ ಕೊನೆಗೆ ಗಣಪಣ್ಣನ ಮನೆಯ ಅಡುಗೆಮನೆ ಸೇರಿತು. ಮಧ್ಯಾಹ್ನ ಸಾರಿಗೆ ಬಿದ್ದಿತ್ತು. ಖಾರವಾಗಿಯೇ ಇತ್ತು.

"ಆದರೂ ಆ ರಾಣಿ ದೊಡ್ಡವಳು ಸರ್," ಅಂದೆ ನಾನು. ಮಾತು ಸುಬ್ಬುವಿನಿಂದ ಸ್ವಲ್ಪ ದೂರ ಹೋಗಲಿ ಅಂತ.

"ದೊಡ್ಡವಳೇ! 1552ರಿಂದ 1606, 54 ವರ್ಷ ಆಳಿದಳು. ಇಂಗ್ಲೆಂಡಿನಲ್ಲಿ ಅದೇ ಕಾಲಕ್ಕೆ ಮೊದಲನೆಯ ಎಲಿಜಬೆತ್ ಇದ್ದಳಲ್ಲ, 1558ರಿಂದ 1603. ಅವಳದ್ದು 44 ವರ್ಷ. ಅವಳ ಹೆಸರಲ್ಲಿ ಇಡೀ ಒಂದು ಯುಗ ಇದೆ. ನಮ್ಮವಳ ಹೆಸರು ಕೇಳಿದರೆ ನಮ್ಮವರೇ 'ಯಾವ ಚೆನ್ನಮ್ಮ?' ಅಂತಾರೆ. ಕೊನೆಗೆ ಇವಳನ್ನು ಸೋಲಿಸಿದ್ದು ಪೋರ್ಚುಗೀಸರಲ್ಲ. ಘಟ್ಟದ ಮೇಲೆ ಸಾಗರದ ಹತ್ತಿರದ ಕೆಳದಿಯವರು, ವೆಂಕಟಪ್ಪ ನಾಯಕ."

"ನೆಂಟರ ಊರಿನವರೇ ಸೋಲಿಸಿದ್ದು ಅನ್ನಿ," ಅಂದ ಗಣಪಣ್ಣ. ಅವನ ಹೆಂಡತಿಯ ತವರು ಸಾಗರ. ಒಳಗಿನಿಂದ ಪಾತ್ರೆಯೊಂದು ಸ್ವಲ್ಪ ಜೋರಾಗಿಯೇ ಸದ್ದು ಮಾಡಿತು.

"ಹಾಗಾದರೆ ಕೋಟೆ ಕಟ್ಟಿಸಿದ್ದು ಅವಳೇ ತಾನೇ? ಕ್ಯಾಪ್ಷನ್ ಹಾಕಿಬಿಟ್ಟಿದ್ದೀನಿ," ಅಂದ ಸುಬ್ಬು.

"ಅವಳು ಅಂತ ಒಂದು ಮಾತು. ಬಿಜಾಪುರದ ಕಡೆಯ ಷರೀಫ್ ಉಲ್ ಮುಲ್ಕ್ ಅಂತ ಒಬ್ಬ ಅಧಿಕಾರಿ 17ನೇ ಶತಮಾನದಲ್ಲಿ ಕಟ್ಟಿಸಿದ ಅಂತ ಇನ್ನೊಂದು ಮಾತು. ಆಮೇಲೆ ಕೆಳದಿಯವರು ಬಂದರು, ಹೈದರ್, ಟಿಪ್ಪು ಬಂದರು, ಕಂಪನಿಯವರು ಬಂದರು. ಕೋಟೆ ಅಂದರೆ ಒಬ್ಬ ಮೇಸ್ತ್ರಿಗೆ ಗುತ್ತಿಗೆ ಕೊಟ್ಟು ಗೃಹಪ್ರವೇಶ ಮಾಡಿ ಮುಗಿಸುವ ಸೈಟಲ್ಲ. ಬಂದವರೆಲ್ಲ ಒಂದಿಷ್ಟು ಕಟ್ಟುತ್ತಾರೆ, ಒಂದಿಷ್ಟು ಕೆಡವುತ್ತಾರೆ. 2000-01ರಲ್ಲಿ ಅಲ್ಲಿ ಉತ್ಖನನ ಮಾಡಿದಾಗ 1652ರ ಪೋರ್ಚುಗೀಸ್ ಚಿನ್ನದ ನಾಣ್ಯ ಸಿಕ್ಕಿತು, ತೋಪಿನ ಗುಂಡು ಸಿಕ್ಕಿತು, ಚೀನಾದ ಪಿಂಗಾಣಿ ಚೂರು ಸಿಕ್ಕಿತು."

"ಚೀನಾ ಮಾಲು ಆಗಲೇ ಬಂದಿತ್ತಾ?"

"ಬಂದಿತ್ತು. ಆಗಲೂ ಒಡೆದೇ ಸಿಕ್ಕಿದ್ದು," ಅಂದಳು ರಾಜಿ.

ಇಷ್ಟರಲ್ಲಿ ಗಾಳಿ ಬೀಸಿ ಜಗಲಿಯ ಹಗ್ಗದ ಮೇಲಿದ್ದ ಸುಬ್ಬುವಿನ ಪಂಚೆ ತಿರುಗಿತು. ಹಿಂಭಾಗದಲ್ಲಿ ದೊಡ್ಡದೊಂದು ಕೆಂಪು ಗುರುತು. ಬುರುಜಿನ ಮೆಟ್ಟಿಲ ಮೇಲೆ ಗಲ್ಲ ಎತ್ತಿ ನಿಂತು ದೂರ ನೋಡುವ ಶಾಟ್ ತೆಗೆಯುವಾಗ ಪಾಚಿ ಜಾರಿತ್ತು. ರಾಜನಾಗಿ ನಿಂತವನು ಪ್ರಜೆಯಾಗಿ ಕೂತಿದ್ದ. ಎಷ್ಟು ಸೋಪು ಹಾಕಿ ಉಜ್ಜಿದರೂ ಆ ಕಲೆ ಕದಲಲಿಲ್ಲ.

"ಯಾವ ಮಣ್ಣೋ ಇದು, ಬಿಡೋದೇ ಇಲ್ಲ," ಅಂತ ಸುಬ್ಬು ಗೊಣಗಿದ.

"ಅದು ಬರೀ ಮಣ್ಣಲ್ಲ ಕಣೋ. ತುಕ್ಕು," ಅಂದಳು ರಾಜಿ.

"ತುಕ್ಕು ಹೇಗಾಗುತ್ತೆ? ನಾನು ಕೂತಿದ್ದು ಕಲ್ಲಿನ ಮೇಲೆ."

"ಆ ಕಲ್ಲೇ ತುಕ್ಕು."

ಎಲ್ಲರೂ ಅವಳ ಕಡೆ ತಿರುಗಿದೆವು. ಅಷ್ಟು ಹೊತ್ತು ಕೋಟೆಯಲ್ಲಿ ನಾವು ರಾಣಿಯನ್ನು ಹುಡುಕುತ್ತಿದ್ದೆವು, ಸುಬ್ಬು ಬೆಳಕು ಹುಡುಕುತ್ತಿದ್ದ. ರಾಜಿ ಒಬ್ಬಳೇ ಗೋಡೆಗೆ ಮೂಗು ತಾಗಿಸಿ ನಿಂತಿದ್ದಳು.

"ಇಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗಿಂತ ಜಾಸ್ತಿ ಮಳೆ. ಮಳೆ ನಿಂತರೆ ಸೆಕೆ. ಇಂಥ ಮಳೆ ಲಕ್ಷಾಂತರ ವರ್ಷ ಬಂಡೆಯೊಳಗೆ ಇಳೀತಾನೇ ಇದ್ದರೆ ಕರಗೋದೆಲ್ಲ ಕರಗಿ ಹೋಗುತ್ತೆ. ಸುಣ್ಣದ ಅಂಶ ಹೋಗುತ್ತೆ, ಪೊಟ್ಯಾಸಿಯಂ, ಮೆಗ್ನೀಸಿಯಂ ಹೋಗುತ್ತೆ, ನಿಧಾನಕ್ಕೆ ಸಿಲಿಕಾ ಕೂಡ ಹೋಗುತ್ತೆ. ಹಟ ಹಿಡಿದು ಉಳಿಯೋದು ಕಬ್ಬಿಣ ಮತ್ತು ಅಲ್ಯೂಮಿನಿಯಂ. ಅವು ಆಕ್ಸೈಡ್ ಆಗಿ ಕೂತಿರುತ್ತವೆ. ಆ ಕೆಂಪು ಬಣ್ಣ ಕಬ್ಬಿಣದ್ದು. ನಿಮ್ಮ ಮನೆ ಗೇಟಿಗೆ ಹಿಡಿಯುವ ತುಕ್ಕಿಗೂ ಇದಕ್ಕೂ ನೆಂಟಸ್ತಿಕೆ ಇದೆ."

"ನಮ್ಮ ಗೇಟಿಗೂ ತುಕ್ಕು ಹಿಡಿದು ಎಷ್ಟೋ ವರ್ಷ ಆಯ್ತು. ಒಬ್ಬನಾದರೂ ನೋಡೋಕೆ ಬಂದಿಲ್ಲ."

"ಗೇಟು ತುಕ್ಕು ಹಿಡಿದು ಬೀಳುತ್ತೆ. ಇದು ತುಕ್ಕು ಹಿಡಿದೇ ನಿಂತಿದೆ."

ಮೇಷ್ಟ್ರಿಗೆ ಇದು ಅಷ್ಟಾಗಿ ಹಿಡಿಸಲಿಲ್ಲ. ಅವರು ಮಧುಗಿರಿಯವರು. ಒಂದೇ ಬಂಡೆಯ ಬೆಟ್ಟ, ಅದರ ಮೇಲೆ ಕೋಟೆ. ಕಲ್ಲಿನ ವಿಷಯದಲ್ಲಿ ಅವರಿಗೆ ಜಾತಿಭೇದ ಇದೆ.

"ಕಲ್ಲು ಅಂದರೆ ಗ್ರಾನೈಟ್ ಕಣಮ್ಮ. ಉಳಿ ಇಟ್ಟು ದಿನಗಟ್ಟಲೆ ಹೊಡೆದರೆ ಒಂದು ಮೆಟ್ಟಿಲು. ಇದೇನು, ಬೆರಳು ಹೋಗುವಷ್ಟು ತೂತು."

"ಹೌದು ಸರ್, ನೀರುದೋಸೆ ಥರ," ಅಂದ ಸುಬ್ಬು.

ಗಣಪಣ್ಣನಿಗೆ ಸಿಟ್ಟು ಬಂತು. ಕಲ್ಲಿಗೆ ಅಂದದ್ದಕ್ಕೋ ನೀರುದೋಸೆಗೆ ಅಂದದ್ದಕ್ಕೋ ಗೊತ್ತಾಗಲಿಲ್ಲ.

"ನಿಮ್ಮ ಗ್ರಾನೈಟ್ ನಮ್ಮ ಕೆಲಸಕ್ಕೆ ಬರುವುದಿಲ್ಲ ಮೇಷ್ಟ್ರೇ. ಈ ಕೆಂಪು ಕಲ್ಲು, ನಮ್ಮ ಚಿರೆಕಲ್ಲು, ನೆಲದ ಒಳಗಿರುವಾಗ ಮೆತ್ತಗೆ. ನಮ್ಮ ಅಜ್ಜನ ಕಾಲದಲ್ಲಿ ಕೈಯಲ್ಲೇ ಕಡಿದು ಎತ್ತುತ್ತಿದ್ದರು. ಈಗ ಮಿಷನ್ ಗರಗಸ ಬಂದಿದೆ. ಉದ್ದಕ್ಕೆ ಗೀರು, ಅಡ್ಡಕ್ಕೆ ಗೀರು, ಅಡಿಗೆ ಮೀಟಿದರೆ ಚೌಕ ಕಲ್ಲು ಎದ್ದು ಬರುತ್ತದೆ. ಹೊರಗೆ ತಂದು ಗಾಳಿ ಬಿಸಿಲಿಗೆ ಇಟ್ಟರೆ ಗಟ್ಟಿ ಆಗುತ್ತದೆ. ಇಟ್ಟಿಗೆ ಸುಡಬೇಕು, ಸಿಮೆಂಟಿಗೆ ನೀರು ಹೊಡೆಯುತ್ತಿರಬೇಕು. ಇದಕ್ಕೆ ಬೆಂಕಿ ಬೇಡ, ಏನೂ ಬೇಡ. ಸುಮ್ನೆ ಬಿಟ್ಟರೆ ಸಾಕು."

"ಸುಮ್ನೆ ಬಿಟ್ಟರೆ ಗಟ್ಟಿ ಆಗುತ್ತೆ ಅಂದರೆ ನಮ್ಮ ಸುಬ್ಬು ಇಷ್ಟು ಹೊತ್ತಿಗೆ ಆಗಬೇಕಿತ್ತು," ಅಂದರು ಮೇಷ್ಟ್ರು.

"ಗಣಪಣ್ಣ ಹೇಳಿದ್ದು ನಿಜ," ಅಂತ ರಾಜಿ ಮುಂದುವರಿಸಿದಳು. "ಒಳಗಿರೋ ನೀರು ಆರುತ್ತೆ, ಕಬ್ಬಿಣದ ಅಂಶ ಬಿಗಿದುಕೊಳ್ಳುತ್ತೆ. ಒಂದೇ ತೊಂದರೆ, ಇದರಲ್ಲಿ ನಾಜೂಕು ಕೆತ್ತನೆ ಆಗೋದಿಲ್ಲ. ಮೂಗು ಕೆತ್ತೋಣ ಅಂತ ಹೊರಟರೆ ಮೂಗಿನ ಜಾಗದಲ್ಲೇ ತೂತು ಇರುತ್ತೆ. ಅದಕ್ಕೇ ಇಲ್ಲಿ ಗೋಡೆಯ ದಪ್ಪ, ಬುರುಜಿನ ದುಂಡು, ಕಮಾನಿನ ಬಾಗು, ಇಷ್ಟರಲ್ಲೇ ಚಂದ ಕಾಣಿಸಬೇಕು. ಕಾಣಿಸಿದ್ದಾರೆ. ಒಂದು ಕೆತ್ತಿದ ಆನೆ ಇಲ್ಲ, ಕುದುರೆ ಇಲ್ಲ. ಆದರೂ ನನಗೆ ಅಲ್ಲಿಂದ ಹೊರಡೋಕೆ ಮನಸ್ಸು ಬರಲಿಲ್ಲ."

ಇದನ್ನು ಅವಳು ಸ್ವಲ್ಪ ಮೆಲ್ಲಗೆ ಹೇಳಿದಳು. ಇಂಜಿನಿಯರುಗಳು ಹೀಗೆ ಮಾತಾಡುವುದು ಅಪರೂಪ. ನಾವು ಒಂದು ಗಳಿಗೆ ಸುಮ್ಮನಿದ್ದೆವು. ಮೇಷ್ಟ್ರು ಮಾತ್ರ ಲೋಟ ಇನ್ನೊಂದು ಗೇಣು ಆಚೆ ಸರಿಸಿದರು.

"ಈ ಕಲ್ಲಿಗೆ ಲ್ಯಾಟರೈಟ್ ಅಂತ ಹೆಸರಿಟ್ಟವನು ಯಾರು ಗೊತ್ತಾ? ಫ್ರಾನ್ಸಿಸ್ ಬುಕಾನನ್. 1799ರಲ್ಲಿ ಟಿಪ್ಪು ಸತ್ತ. ಮಾರನೇ ವರ್ಷವೇ ಕಂಪನಿಯವರು ಈ ವೈದ್ಯನನ್ನು ಮೈಸೂರು, ಕೆನರಾ, ಮಲಬಾರ್ ಸುತ್ತಿ ವರದಿ ಕೊಡು ಅಂತ ಕಳಿಸಿದರು. ಯಾರ ಹೊಲದಲ್ಲಿ ಏನು ಬೆಳೆ, ಯಾವ ಊರಲ್ಲಿ ಯಾವ ಕಲ್ಲು, ಎಲ್ಲ ಬರೆದ. ಕೇರಳದ ಅಂಗಡಿಪುರಂನಲ್ಲಿ ಈ ಕಲ್ಲು ನೋಡಿ ವಿವರ ಬರೆದ. ಒಳಗಿರುವಾಗ ಮೆತ್ತಗೆ, ಹೊರಗೆ ಬಂದರೆ ಗಟ್ಟಿ ಅಂತಲೂ ಬರೆದ. 1807ರಲ್ಲಿ ಪುಸ್ತಕ ಬಂತು. ಭೂಗರ್ಭಶಾಸ್ತ್ರದವರು ಅಂಗಡಿಪುರಂನಲ್ಲಿ ಒಂದು ಸ್ಮಾರಕವನ್ನೇ ನಿಲ್ಲಿಸಿದ್ದಾರೆ."

"ಅಲ್ಲ ಮೇಷ್ಟ್ರೇ," ಅಂದ ಗಣಪಣ್ಣ, "ನಮ್ಮವರು ಅದೇ ಕಲ್ಲಲ್ಲಿ ಮನೆ ಕಟ್ಟಿ, ಬಾವಿ ತೋಡಿ, ಕಂದಕ ತೆಗೆದು, ಕೋಟೆ ಎಬ್ಬಿಸಿ, ಆ ಕೋಟೆ ಹಳೆಯದೂ ಆಗಿಹೋಗಿತ್ತು. ಆಮೇಲೆ ಅವನು ಬಂದು ಹೆಸರಿಟ್ಟ. ಸ್ಮಾರಕ ಹೆಸರಿಟ್ಟದ್ದಕ್ಕಾ?"

"ಕೆಲಸ ಮಾಡಿದವನಿಗಿಂತ ವರದಿ ಬರೆದವನಿಗೇ ಯಾವಾಗಲೂ ಬಡ್ತಿ. ನಮ್ಮ ಆಫೀಸಲ್ಲೂ ಹಾಗೇ," ಅಂದ ಸುಬ್ಬು. ಆ ಸಂಜೆ ಅವನ ಮಾತಿಗೆ ಎಲ್ಲರೂ ತಲೆಯಾಡಿಸಿದ್ದು ಇದೊಂದಕ್ಕೇ.

"ಮತ್ತೆ ಕಲ್ಲುಗಳನ್ನು ಅಂಟಿಸಿದ್ದು ಹೇಗೆ?" ಅಂತ ನಾನು ಕೇಳಿದೆ.

"ಬೆಲ್ಲ!" ಅಂದ ಸುಬ್ಬು. "ಬೆಲ್ಲ, ಮೊಟ್ಟೆ. ಅಲ್ಲಿ ಒಬ್ಬರು ಹೇಳ್ತಾ ಇದ್ದರು."

"ಎಲ್ಲ ಕೋಟೆಯಲ್ಲೂ ಒಬ್ಬರು ಹೇಳ್ತಾನೇ ಇರ್ತಾರೆ," ಅಂದಳು ರಾಜಿ. "ಸುಣ್ಣದ ಗಾರೆಗೆ ಬೆಲ್ಲದ ನೀರು ಬೆರೆಸೋ ಪದ್ಧತಿ ಇದ್ದದ್ದು ನಿಜ. ಆದರೆ ನೀವು ಹೇಳೋದು ಕೇಳಿದರೆ ಸುಣ್ಣವೇ ಇರಲಿಲ್ಲ, ಬರೀ ಸಿಹಿಯಲ್ಲೇ ಗೋಡೆ ನಿಂತಿದೆ ಅನ್ನಿಸುತ್ತೆ. ಇರುವೆ ಬಿಡ್ತಿತ್ತಾ? ಮುಖ್ಯ ಸುಣ್ಣ ಕಣೋ. ಈ ಕಡೆ ಸುಣ್ಣದಕಲ್ಲು ಹುಡುಕಿಕೊಂಡು ಹೋಗಬೇಕಾಗಿಲ್ಲ. ಹೊಳೆಯಲ್ಲೇ ಚಿಪ್ಪು ರಾಶಿ ಇದೆ. ಸುಟ್ಟರೆ ಸುಣ್ಣ."

"ಚಿಪ್ಪಿಸುಣ್ಣ," ಅಂದ ಗಣಪಣ್ಣ. "ಈ ಗೋಡೆಗೆ ಬಳಿದಿರುವುದೂ ಅದೇ. ಅಳಿವೆಯಲ್ಲಿ ಇಳಿತ ಆದಾಗ ನೋಡಬೇಕು, ಊರಿನ ಹೆಂಗಸರೆಲ್ಲ ಚಿಪ್ಪಿ ಹೆಕ್ಕುತ್ತಿರುತ್ತಾರೆ. ಮಾಂಸ ತಿನ್ನುವವರಿಗೆ, ಚಿಪ್ಪು ಸುಣ್ಣದವರಿಗೆ."

"ಅಂದರೆ ಕಲ್ಲು ನೆಲದಿಂದ, ಅಂಟು ಹೊಳೆಯಿಂದ. ಲಾರಿ ಬಾಡಿಗೆ ಸೊನ್ನೆ," ಅಂದೆ ನಾನು. ಖರ್ಚು ಬರೆಯುವವನಿಗೆ ಮೊದಲು ಕಾಣುವುದು ಇದೇ.

ಹಸಿರಿನ ವಿಷಯಕ್ಕೆ ಬಂದರೆ, ಒಂದು ತಕರಾರು ನನ್ನದೂ ಇದೆ. ಮಿರ್ಜಾನಿನ ಫೋಟೊಗಳೆಲ್ಲ ಹಸಿರು. ಗೋಡೆ, ಮೆಟ್ಟಿಲು, ಬುರುಜು ಎಲ್ಲ ಪಾಚಿ. ಮಳೆಗಾಲದಲ್ಲಿ ಹೋದರೆ ಹಾಗೇ ಇರುತ್ತದೆ. ಕಲ್ಲಿನ ತೂತುಗಳಲ್ಲಿ ನೀರು ನಿಲ್ಲುವುದರಿಂದ ಪಾಚಿಗೆ ಸ್ವಂತ ಮನೆ ಸಿಕ್ಕಿದಂತಾಗಿದೆ. ಆದರೆ ಏಪ್ರಿಲ್ ತಿಂಗಳಲ್ಲಿ ಅದೇ ಫೋಟೊ ನೋಡಿಕೊಂಡು ಬಂದವರು ಕೆಂಪು-ಕಪ್ಪು ಗೋಡೆ ಕಂಡು ಮೋಸ ಹೋದೆವು ಅಂತ ಬೈದುಕೊಳ್ಳುತ್ತಾರೆ. ಫೋಟೊದವರು ಜಾಗ ಹೇಳುತ್ತಾರೆ, ತಿಂಗಳು ಹೇಳುವುದಿಲ್ಲ. ಹೇಳಬೇಕು ಅಲ್ವಾ?

"ಪಾಚಿ ಬೆಳೆದರೆ ಗೋಡೆಗೆ ಒಳ್ಳೆಯದಾ?" ಅಂತ ಮೇಷ್ಟ್ರು ರಾಜಿಯನ್ನು ಕೇಳಿದರು. ಮೇಷ್ಟ್ರು ಪ್ರಶ್ನೆ ಕೇಳುವುದು ವರ್ಷಕ್ಕೊಮ್ಮೆ. ನಾನು ದಿನಾಂಕ ಬರೆದಿಟ್ಟುಕೊಂಡೆ.

"ಪಾಚಿಗಿಂತ ಸಂದಿಯಲ್ಲಿ ಬೇರುಬಿಡೋ ಗಿಡಗಳು ಅಪಾಯ ಸರ್. ಈ ಕಲ್ಲಿಗೆ ಮೇಲೊಂದು ಹೊದಿಕೆ ಇದ್ದರೆ ಬಾಳಿಕೆ ಜಾಸ್ತಿ. ಗೋವಾದ ಬಾಮ್ ಜೀಸಸ್ ಚರ್ಚ್ ನೋಡಿದ್ದೀರಲ್ಲ, 1605ರದ್ದು. ಅದೂ ಇದೇ ಕಲ್ಲು. ಮೊದಲು ಹೊರಗಡೆಯೆಲ್ಲ ಸುಣ್ಣದ ಗಾರೆ ಇತ್ತು. 1950ರ ದಶಕದಲ್ಲಿ ಹಳೆಯ ಕಲ್ಲಿನ ಕಳೆ ಕಾಣಲಿ ಅಂತ ಅದನ್ನು ಕಿತ್ತುಬಿಟ್ಟರು. ಕೆಂಪಗೆ ಚಂದ ಕಾಣುತ್ತೆ, ಎಲ್ಲರೂ ಫೋಟೊ ತೆಗೀತಾರೆ. ಮಳೆ ಮಾತ್ರ ಆವತ್ತಿನಿಂದ ಕಲ್ಲನ್ನು ತಿಂತಾ ಇದೆ. ಮತ್ತೆ ಗಾರೆ ಹಾಕಬೇಕು, ಬೇಡ ಅಂತ ಜಗಳ ನಡೀತಾನೇ ಇದೆ."

"ಮೇಕಪ್ ತೆಗೆದರೆ ಕಷ್ಟ ಅಂತ ನಾನು ಯಾವಾಗಲೂ ಹೇಳ್ತೀನಿ," ಅಂದ ಸುಬ್ಬು.

ಸುಬ್ಬುವಿಗೆ ಇನ್ನೊಂದು ಅಸಮಾಧಾನ ಇತ್ತು. ಸುರಂಗ. ಕೋಟೆಯಲ್ಲಿ ಗುಪ್ತ ದಾರಿ ಇದೆ, ಅದು ಸೀದಾ ಗೋಕರ್ಣಕ್ಕೆ ಹೋಗುತ್ತದೆ ಅಂತ ಯಾರೋ ಅವನ ಕಿವಿಯಲ್ಲಿ ಹೇಳಿದ್ದರು. ಅವನು ಬೆಳಿಗ್ಗೆಯಿಡೀ ಕಂಡ ಕಂಡ ಕತ್ತಲೆಯಲ್ಲಿ ತಲೆ ಹಾಕಿ ಮೊಬೈಲ್ ಟಾರ್ಚ್ ಬಿಟ್ಟಿದ್ದ. ಒಂದು ಕಡೆ ಬಾವಲಿ ಎದ್ದು ಬಂತು. ಅವನ ವಿಡಿಯೊದಲ್ಲಿ ಅಷ್ಟು ಹೊತ್ತು ಬರೀ ಕಿರುಚಾಟ ಇದೆ.

"ಕೋಟೆಯಿಂದ ಗೋಕರ್ಣಕ್ಕೆ ರಸ್ತೆಯಲ್ಲಿ 20 ಕಿಲೋಮೀಟರ್ ಮೇಲೆ," ಅಂದಳು ರಾಜಿ. "ಮಧ್ಯೆ ಹೊಳೆ. ತೂತುಕಲ್ಲು. ಸುರಂಗ ಕೊರೆದರೆ ನೀರು ತುಂಬುತ್ತೆ. ಪಂಪ್ ಎಲ್ಲಿತ್ತು?"

"ಆಗಿನವರಿಗೆ ಎಲ್ಲ ಗೊತ್ತಿತ್ತು."

"ಗೊತ್ತಿತ್ತು ಕಣೋ, ಅದಕ್ಕೇ ಕೊರೆದಿರಲ್ಲ."

"ಕೋಟೆಗಳಲ್ಲಿ ತಪ್ಪಿಸಿಕೊಳ್ಳೋಕೆ ಗುಪ್ತದಾರಿ ಇರೋದುಂಟು," ಅಂತ ಮೇಷ್ಟ್ರು ಮಧ್ಯಸ್ಥಿಕೆಗೆ ಬಂದರು. "ಗೋಡೆಯ ಹೊರಗೆ, ಹೊಳೆಯ ಕಡೆಗೆ. ಅಷ್ಟೇ. ಪ್ರತಿ ಕೋಟೆಯಿಂದಲೂ ದೊಡ್ಡ ದೇವಸ್ಥಾನಕ್ಕೆ ಸುರಂಗ ಇದೆ ಅನ್ನೋದಾದರೆ ಕರ್ನಾಟಕದ ಕೆಳಗೆ ನೆಲವೇ ಉಳಿದಿರುತ್ತಿರಲಿಲ್ಲ."

"ನಿಜವಾದ ಸುರಂಗ ಬೇಕಾದರೆ ದಕ್ಷಿಣ ಕನ್ನಡಕ್ಕೋ ಕಾಸರಗೋಡಿಗೋ ಹೋಗಬೇಕು," ಅಂದ ಗಣಪಣ್ಣ. "ಅಲ್ಲಿ ಇದೇ ಕಲ್ಲಿನ ಗುಡ್ಡಕ್ಕೆ ಅಡ್ಡವಾಗಿ ಸುರಂಗ ಕೊರೆಯುತ್ತಾರೆ. ಓಡಿಹೋಗುವುದಕ್ಕಲ್ಲ, ನೀರಿಗೆ. ಕಲ್ಲಿನಿಂದ ನೀರು ಜಿನುಗಿ ತಾನಾಗಿ ಹೊರಗೆ ಹರಿದು ಬರುತ್ತದೆ. ಕರೆಂಟು ಬೇಡ. ಬಂಟ್ವಾಳ ಕಡೆಯ ಅಮೈ ಮಹಾಲಿಂಗ ನಾಯ್ಕರ ಹೆಸರು ಕೇಳಿದ್ದೀರಲ್ಲ? ಬೋಳು ಗುಡ್ಡದಲ್ಲಿ ಒಬ್ಬರೇ ಸುರಂಗ ಕೊರೆದರು. ಮೊದಲು ಕೊರೆದವುಗಳಲ್ಲಿ ನೀರೇ ಸಿಗಲಿಲ್ಲ. ಬಿಡಲಿಲ್ಲ ಅವರು. ಕೊನೆಗೆ ನೀರು ಬಂತು, ತೋಟ ಬಂತು. 2022ರಲ್ಲಿ ಪದ್ಮಶ್ರೀ ಬಂತು."

ಸುಬ್ಬು ಸ್ವಲ್ಪ ಹೊತ್ತು ಯೋಚಿಸಿದ. "ಆ ಸುರಂಗದಲ್ಲಿ ಬಾವಲಿ ಇರುತ್ತಾ?" ಅಂತ ಕೇಳಿದ.

ಮಾತು ಹೀಗೇ ಹರಿಯುತ್ತಿದ್ದರೆ ಚೆನ್ನಾಗಿತ್ತು. ಆದರೆ ಮೇಷ್ಟ್ರಿಗೆ ಗೋಡೆಯ ಮೇಲಿನ ಹೆಸರುಗಳು ನೆನಪಾದವು. ಪಾಚಿ ಕೆರೆದು ಯಾರೋ ಹೃದಯ ಬಿಡಿಸಿದ್ದರು. ಒಳಗೆ ಎರಡು ಅಕ್ಷರ, ಮಧ್ಯೆ ಒಂದು ಬಾಣ.

"ಅವರೂ ಗ್ರಾನೈಟ್ ಹುಡುಕಬೇಕಿತ್ತು ಸರ್," ಅಂದಳು ರಾಜಿ. "ಪಾಚಿಯಲ್ಲಿ ಬರೆದರೆ ಮುಂದಿನ ಮಳೆಗೆ ಪೂರ್ತಿ ಮುಚ್ಚಿಹೋಗುತ್ತೆ. ಒಂದು ಸೀಸನ್ ಪ್ರೀತಿ."

"ನಗಬೇಡಿ. ಅದು ಸಂರಕ್ಷಿತ ಸ್ಮಾರಕ. 1958ರ ಕಾಯ್ದೆ ಇದೆ, 2010ರಲ್ಲಿ ತಿದ್ದುಪಡಿ ಆಗಿದೆ. ಹಾಳು ಮಾಡಿದರೆ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷ ರೂಪಾಯಿವರೆಗೆ ದಂಡ. ಕೆರೆಯೋರು ಒಂದು ಕಡೆ. ಅದಕ್ಕಿಂತ ನನಗೆ ಹೊಟ್ಟೆ ಉರಿಯೋದು ಬೇರೆಯದಕ್ಕೆ. ಅಷ್ಟು ದೊಡ್ಡ ಕೋಟೆಯಲ್ಲಿ ಒಳಗಿನ ಕಟ್ಟಡಗಳೆಲ್ಲಿ? ಬುನಾದಿ ಇದೆ, ಮೇಲೆ ಏನೂ ಇಲ್ಲ. ಆ ಕಲ್ಲೆಲ್ಲ ಎಲ್ಲಿ ಹೋದವು?"

"ಮಳೆಗೆ ಕರಗಿರಬೇಕು," ಅಂದ ಗಣಪಣ್ಣ. ಹೇಳಿದ್ದು ಸ್ವಲ್ಪ ಬೇಗ ಹೇಳಿದ.

"ಮಳೆಗೆ ಕರಗೋದೆಲ್ಲ ಲಕ್ಷ ವರ್ಷದ ಹಿಂದೆಯೇ ಕರಗಿ ಆಯಿತು ಅಂತ ರಾಜಿ ಈಗಷ್ಟೇ ಹೇಳಿದಳಲ್ಲ. ಇವು ಕರಗಿದ್ದಲ್ಲ, ನಡೆದುಕೊಂಡು ಹೋದದ್ದು. ಪಾಳುಬಿದ್ದ ಕೋಟೆ ಸಿಕ್ಕಿದರೆ ಊರವರಿಗೆ ಕ್ವಾರಿ ಇದ್ದ ಹಾಗೆಯೇ. ಕಡಿಯೋ ಕಷ್ಟ ಇಲ್ಲ, ಗಾಡಿ ಹೂಡಿದರೆ ಆಯಿತು. ನಮ್ಮ ಕಡೆಯೂ ಎಷ್ಟೋ ಕೋಟೆ ದನದ ಕೊಟ್ಟಿಗೆ ಆಗಿದೆ."

ರಾಜಿ ಅಷ್ಟು ಹೊತ್ತಿಗೆ ಅಭ್ಯಾಸದಂತೆ ಪಕ್ಕದ ಜಗಲಿಕಟ್ಟೆ ತಟ್ಟಿ ನೋಡುತ್ತಿದ್ದಳು. ಗಿಲಾವು ಕಿತ್ತುಹೋಗಿದ್ದ ಕಡೆ ಬಗ್ಗಿದಳು.

"ಗಣಪಣ್ಣ, ಇದು ಹಳೇ ಕಲ್ಲು. ಕೈಯಲ್ಲಿ ಕಡಿದದ್ದು. ಅಳತೆ ಬೇರೆ ಥರ ಇದೆ. ಬೆಳಿಗ್ಗೆ ನೋಡಿದ ಹಾಗಿದೆಯಲ್ಲ?"

"ಇನ್ನೊಂದು ಹಪ್ಪಳ ಸುಡಲಾ?" ಅಂದ ಗಣಪಣ್ಣ.

ಮೇಷ್ಟ್ರು ಲೋಟ ಕೈಗೆತ್ತಿಕೊಂಡರು. ಅದು ಇನ್ನೂ ಕೆಟ್ಟ ಸೂಚನೆ.

ಆಗ ಒಳಗಿನಿಂದ ಗಣಪಣ್ಣನ ಆಯಿ ಬಂದರು. ಅವರಿಗೆ ಕಿವಿ ಸ್ವಲ್ಪ ಮಂದ, ಮಳೆಯಲ್ಲಿ ಇನ್ನೂ ಮಂದ. ಏನು ಮಾತು ಅಂತ ಕೇಳಿದರು. ಜಗಲಿಯ ಕಲ್ಲಿನ ಬಗ್ಗೆ ಅಂತ ರಾಜಿ ಜೋರಾಗಿ ಹೇಳಿದಳು.

"ಓ ಅದಾ," ಅಂದರು ಆಯಿ ಸಂತೋಷದಿಂದ. "ನಮ್ಮ ಮಾವ ಕೋಟೆಯಿಂದ ಗಾಡಿಯಲ್ಲಿ ತಂದದ್ದು. ಗಟ್ಟಿ ಕಲ್ಲು. ಬಚ್ಚಲಿಗೂ ಅದೇ ಹಾಕಿದ್ದು. ನೋಡ್ತೀರಾ?"

ಗಣಪಣ್ಣ ಮಳೆಯನ್ನು ನೋಡುತ್ತಿದ್ದ. ಮೇಷ್ಟ್ರು ಗಂಟಲು ಸರಿಮಾಡಿಕೊಂಡು, ಎಷ್ಟಾದರೂ ಉಂಡ ಮನೆ ಅಂತ ಆದಷ್ಟು ಮೃದುವಾಗಿ ಶುರು ಮಾಡಿದರು. "ಅಮ್ಮ, ಕೋಟೆಯ ಕಲ್ಲಿಗೆ ಸರ್ಕಾರದ ಕಾನೂನು ಇದೆ. ಒಂದು ಲಕ್ಷ ರೂಪಾಯಿ..."

"ಒಂದು ಲಕ್ಷವಾ!" ಅಂದರು ಆಯಿ. ಮಗನ ಕಡೆ ತಿರುಗಿದರು. "ಗಣಪತಿ, ಸರ್ಕಾರದವರು ಅಷ್ಟು ಕೊಡ್ತಾರಂತೆ. ಬಚ್ಚಲಿನದು ಬೇಡ, ಜಗಲಿಯದು ಕೊಟ್ಟುಬಿಡು. ಹೇಗೂ ಟೈಲ್ಸ್ ಹಾಕಿಸಬೇಕು ಅಂತ ಇದ್ದೆಯಲ್ಲ."